ಹಾಲ್‌ನೊಳಗಿನ ವೀಳ್ಯದೆಲೆ ಬಳ್ಳಿ: ಎಲೆ ದಿನೇ ದಿನೇ ಕಿರಿದಾಗುತ್ತಿದೆ, ಏನು ಮಾಡಲಿ?

ಏಳನೇ ಮಹಡಿ · ಬೆಂಗಳೂರು · ಜೂನ್ 9

ಎಲ್ಲರಿಗೂ ನಮಸ್ಕಾರ. ಕಳೆದ ವರ್ಷ, ಅಂದರೆ 2024ರ ಏಪ್ರಿಲ್‌ನಲ್ಲಿ ನಮ್ಮ ಅತ್ತೆ ಹಾಸನದಲ್ಲಿರುವ ತಮ್ಮ ತಂಗಿಯ ಮನೆಯಿಂದ ವೀಳ್ಯದೆಲೆಯ ಮೂರು ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬಂದಿದ್ದರು. ಎರಡು ಬಸ್ಸಿನಲ್ಲೇ ಬಾಡಿಹೋದವು, ಒಂದು ಉಳಿಯಿತು. ಮೊದಲು ಬಾಲ್ಕನಿಯಲ್ಲಿಟ್ಟಿದ್ದೆವು. ಏಳನೇ ಮಹಡಿಯ ಗಾಳಿಗೆ ಎಲೆಗಳು ಹರಿದು ಚಿಂದಿಯಾದವು. ಆಮೇಲೆ ಹಾಲ್‌ನೊಳಗೆ, ಪೂರ್ವಕ್ಕಿರುವ ಗಾಜಿನ ಬಾಗಿಲ ಪಕ್ಕದ ಪುಸ್ತಕದ ಕಪಾಟಿನ ಮೇಲೆ ಕೂರಿಸಿದೆ. ಅಲ್ಲಿಂದ ಬಳ್ಳಿ ಕೆಳಕ್ಕೆ ಇಳಿಬಿದ್ದು ಈಗ ಆರು ಅಡಿ ಉದ್ದವಾಗಿದೆ. ನೋಡಲು ಚೆನ್ನಾಗಿಯೇ ಇದೆ, ದೂರದಿಂದ.

ಹತ್ತಿರ ಹೋದರೆ ಬೇಸರವಾಗುತ್ತದೆ. ಮೊದಮೊದಲು ಅಂಗೈ ಅಗಲ ಬರುತ್ತಿದ್ದ ಎಲೆ ಈಗ ಎರಡು ಬೆರಳಿನಷ್ಟು ಅಗಲವಾದರೆ ಹೆಚ್ಚು. ಬಣ್ಣ ಹಳದಿಗೆ ತಿರುಗಿದೆ. ತುದಿಗಳು ಊದುಬತ್ತಿ ತಾಗಿಸಿದಂತೆ ಕಂದಾಗಿವೆ. ಎರೆಗೊಬ್ಬರ ಹಾಕಿದೆ. ಅಕ್ಕಿ ತೊಳೆದ ನೀರು, ಹುಳಿ ಮಜ್ಜಿಗೆ ಎಲ್ಲ ಆಯಿತು. ಅತ್ತೆಗೆ ಗೊತ್ತಾಗದಂತೆ ಮೊಟ್ಟೆಯ ಸಿಪ್ಪೆಯನ್ನೂ ಪುಡಿ ಮಾಡಿ ಹಾಕಿದ್ದೇನೆ. ಅವರ ಪ್ರಕಾರ ಯಾರೋ ಮುಟ್ಟಬಾರದವರು ಮುಟ್ಟಿದ್ದಾರೆ. ಮೂರು ಫೋಟೋ ಹಾಕಿದ್ದೇನೆ, ದಯವಿಟ್ಟು ನೋಡಿ ಹೇಳಿ.

ಕುಂಡಪ್ರಿಯ · ದಾವಣಗೆರೆ · ಜೂನ್ 9

ಎಲೆ ಹಳದಿಯಾದರೆ ಸಾರಜನಕ ಸಾಲದು ಎಂದೇ ಅರ್ಥ. ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮವಾಗಿರುವ 19:19:19 ಗೊಬ್ಬರ ಲೀಟರಿಗೆ ಎರಡು ಗ್ರಾಂ ಕರಗಿಸಿ ವಾರಕ್ಕೊಮ್ಮೆ ಕೊಡಿ. ಹದಿನೈದು ದಿನದಲ್ಲಿ ವ್ಯತ್ಯಾಸ ಕಾಣುತ್ತದೆ.

ಎಲೆತೋಟದ ಮೊಮ್ಮಗ · ಮೈಸೂರು · ಜೂನ್ 9

ಮೇಡಂ, ದಯವಿಟ್ಟು ಸದ್ಯಕ್ಕೆ ಯಾವ ಗೊಬ್ಬರವನ್ನೂ ಹಾಕಬೇಡಿ. ನೀವು ಈಗಾಗಲೇ ಆ ಬಳ್ಳಿಗೆ ಮದುವೆ ಮನೆಯ ಊಟ ಬಡಿಸಿದ್ದೀರಿ, ಅದಕ್ಕೆ ಅಜೀರ್ಣವಾಗಿದೆ.

ಎರಡನೇ ಫೋಟೋ ನೋಡಿದ ಕೂಡಲೇ ನನಗೆ ನಮ್ಮ ತಾತ ನೆನಪಾದರು. ನಂಜನಗೂಡು ರಸ್ತೆಯ ಕಡೆ ನಮ್ಮ ಮನೆಯವರಿಗೆ ಎಲೆತೋಟವಿತ್ತು. ಮೈಸೂರು ವೀಳ್ಯದೆಲೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ, ಸಂತೋಷ. ಆದರೆ ನಮ್ಮ ತೋಟವಿದ್ದ ಜಾಗದಲ್ಲಿ ಈಗ ಕಲ್ಯಾಣ ಮಂಟಪವಿದೆ. ಅಲ್ಲಿ ತಾಂಬೂಲಕ್ಕೆ ಹೊರಗಿನಿಂದ ಎಲೆ ತರಿಸುತ್ತಾರೆ. ಇರಲಿ.

ತಾತ ಇಳಿಬಿದ್ದ ಕುಡಿಯನ್ನು ಕಂಡರೆ ಸುಮ್ಮನೆ ಮುಂದೆ ಹೋಗುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಬಾಳೆಪಟ್ಟೆಯ ನಾರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟರೆ ಅಗಸೆ, ನುಗ್ಗೆ, ಹಾಲುವಾಣದ ಒಂದೊಂದು ಮರದ ಮುಂದೆಯೂ ನಿಂತು, ಗೇಣಿಗೊಂದರಂತೆ ಹಂಬನ್ನು ಮರಕ್ಕೆ ಕಟ್ಟುತ್ತಿದ್ದರು. ಬಿಗಿಯಾಗಿ ಅಲ್ಲ, ಕಿರುಬೆರಳು ತೂರುವಷ್ಟು ಸಡಿಲ ಬಿಟ್ಟು. ವೀಳ್ಯದೆಲೆ ಹತ್ತುವ ಬಳ್ಳಿ. ಅದರ ಒಂದೊಂದು ಗೆಣ್ಣಿನಲ್ಲೂ ಬೇರಿನ ಮೊಳಕೆ ಇರುತ್ತದೆ. ಅದಕ್ಕೆ ಒದ್ದೆಯಾದ, ಒರಟಾದ ಮೈ ಸಿಕ್ಕರೆ ಕಚ್ಚಿಕೊಳ್ಳುತ್ತದೆ, ಕಚ್ಚಿಕೊಂಡ ಗೆಣ್ಣಿನ ಮುಂದಿನ ಎಲೆ ಹಿಂದಿನದಕ್ಕಿಂತ ದೊಡ್ಡದಾಗಿ ಬರುತ್ತದೆ. ಕಚ್ಚಲು ಏನೂ ಸಿಗದೆ ಗಾಳಿಯಲ್ಲಿ ತೂಗಾಡಿದರೆ ಬಳ್ಳಿ ಎಲೆಯ ಗೊಡವೆ ಬಿಟ್ಟು ಉದ್ದಕ್ಕೆ ಓಡುತ್ತದೆ, ಎಲ್ಲಾದರೂ ಒಂದು ಮರ ಸಿಕ್ಕೀತು ಎಂದು. ನಿಮ್ಮ ಫೋಟೋದಲ್ಲಿ ಒಂದು ಗೆಣ್ಣಿಗೂ ಇನ್ನೊಂದಕ್ಕೂ ನಡುವಿನ ಅಂತರ ನೋಡಿ. ಮೇಲುಗಡೆ ಎರಡು ಬೆರಳಿನಷ್ಟಿದ್ದದ್ದು ಕೆಳಗೆ ಬರುವಷ್ಟರಲ್ಲಿ ಗೇಣಾಗಿದೆ.

ಎಲೆ ಕಿರಿದಾದದ್ದಕ್ಕೆ ಕಾರಣ ಇದು. ತುದಿ ಕಂದಾಗಿರುವುದಕ್ಕೆ ಬೇರೆ ಏನೋ ಇದೆ, ಅದು ಫೋಟೋದಲ್ಲಿ ತಿಳಿಯುತ್ತಿಲ್ಲ.

ನಲ್ಲಿ ನೀರು · ಬೆಂಗಳೂರು · ಜೂನ್ 9

ಯಾವ ನೀರು ಹಾಕುತ್ತೀರಿ? ಎಷ್ಟು? ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಾಣುತ್ತಿದೆಯಲ್ಲ, ಅದು ಏನು?

ಸೊಪ್ಪಿನಬೆಟ್ಟ · ಶಿರಸಿ · ಜೂನ್ 10

ನಮ್ಮಲ್ಲಿ ಅಡಿಕೆ ಮರಕ್ಕೇ ಎಲೆ ಬಳ್ಳಿ ಹಬ್ಬಿಸುತ್ತೇವೆ. ಕವಳ, ಅಂದರೆ ಎಲೆ ಅಡಿಕೆ, ಹಾಕುವ ಮನೆಯಲ್ಲಿ ಎಲೆಗೆ ಪೇಟೆಗೆ ಹೋಗುವುದು ಮರ್ಯಾದೆಯ ಪ್ರಶ್ನೆ. ಹಾಗಾಗಿ ಎರಡು ಮಾತು.

ಒಂದು, ಕಡ್ಡಿ ಎಲ್ಲಿಂದ ಕೊಯ್ದದ್ದು ಎಂದು ನಿಮ್ಮ ಅತ್ತೆಯವರನ್ನು ಕೇಳಿ. ಕಾಳುಮೆಣಸಿನಲ್ಲಿ ಹತ್ತುವ ಬಳ್ಳಿಯ ಕಡ್ಡಿ ನೆಟ್ಟರೆ ಹತ್ತುವ ಗಿಡವೇ ಬರುತ್ತದೆ. ಪಕ್ಕಕ್ಕೆ ಚಾಚಿದ ಫಸಲಿನ ಕೊಂಬೆಯಿಂದ ತೆಗೆದರೆ ಹತ್ತುವುದೇ ಇಲ್ಲ, ಪೊದೆಯಾಗುತ್ತದೆ. ನರ್ಸರಿಗಳಲ್ಲಿ ಪೊದೆ ಮೆಣಸು ಎಂದು ಮಾರುವುದು ಅದನ್ನೇ. ವೀಳ್ಯದೆಲೆಯೂ ಮೆಣಸಿನ ಕುಟುಂಬದ್ದೇ. ಪ್ರತಿ ಗೆಣ್ಣಿನಲ್ಲೂ ಬೇರಿನ ಮೊಳಕೆ ಕಾಣುವ ಕಡ್ಡಿಯನ್ನು ಮಾತ್ರ ನಾವು ಆರಿಸುತ್ತೇವೆ. ನಿಮ್ಮದರಲ್ಲಿ ಮೊಳಕೆ ಕಾಣುತ್ತಿದೆ, ಹಾಗಾಗಿ ಚಿಂತೆಯಿಲ್ಲ.

ಎರಡು, ಆಸರೆ. ಅಂಗಡಿಯಲ್ಲಿ ನಾರು ಸುತ್ತಿದ ಕೋಲು ಸಿಗುತ್ತದೆ, ಆದರೆ ಕೊಂಡವರು ಅದನ್ನು ಒಣಗಲು ಬಿಡುತ್ತಾರೆ. ಒಣ ನಾರಿಗೆ ಬೇರು ಕಚ್ಚುವುದಿಲ್ಲ, ದಾರ ಕಟ್ಟಿದ್ದಕ್ಕೆ ಬಳ್ಳಿ ನಿಂತಿರುತ್ತದೆ ಅಷ್ಟೆ. ನಾನು ಬೆಂಗಳೂರಿನ ಮಗಳ ಮನೆಗೆ ನಾಲ್ಕು ಅಡಿಯ ಅಡಿಕೆ ದಬ್ಬೆ, ಅಂದರೆ ಅಡಿಕೆ ಮರದ ಸೀಳು, ಕೊಟ್ಟು ಕಳಿಸಿದೆ. ಅದಕ್ಕೆ ತೆಂಗಿನ ನಾರನ್ನು ಎರಡು ಅಂಗುಲ ದಪ್ಪಕ್ಕೆ ಸುತ್ತಿ, ಹತ್ತಿ ದಾರದಿಂದ ಬಿಗಿದಿದ್ದಾಳೆ. ದಿನಾ ಬೆಳಿಗ್ಗೆ ಮೇಲಿನಿಂದ ಒಂದು ಲೋಟ ನೀರನ್ನು ನಿಧಾನವಾಗಿ ನಾರಿನ ಮೇಲೆ ಇಳಿಸುತ್ತಾಳೆ. ಕುಂಡಕ್ಕೆ ಬೇರೆಯಾಗಿ ನೀರು ಹಾಕುವುದೇ ಅಪರೂಪ.

ಏಳನೇ ಮಹಡಿ · ಜೂನ್ 10

ಧನ್ಯವಾದಗಳು. ಹತ್ತಿಸಬೇಕಾದ ಬಳ್ಳಿಯನ್ನು ಒಂದು ವರ್ಷದಿಂದ ತಲೆಕೆಳಗು ನೇತುಹಾಕಿದ್ದೇನೆ ಎಂದು ತಿಳಿದು ಪಾಪಪ್ರಜ್ಞೆ ಕಾಡುತ್ತಿದೆ.

ನೀರಿನ ಪ್ರಶ್ನೆಗೆ ಉತ್ತರ: ಕುಡಿಯುವ ನೀರಿನ ಆರ್‌ಒ ಯಂತ್ರದಿಂದ ಹೊರಗೆ ಹೋಗುವ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಟ್ಟು ಹಾಕುತ್ತೇನೆ, ದಿನ ಬಿಟ್ಟು ದಿನ ಸುಮಾರು ಅರ್ಧ ಲೀಟರ್. 2024ರ ಮಾರ್ಚ್‌ನಲ್ಲಿ ನೀರಿಗೆ ಹಾಹಾಕಾರವಾದಾಗ ಕುಡಿಯುವ ನೀರನ್ನು ಗಿಡಗಳಿಗೆ, ಕಾರಿಗೆ ಸುರಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತಲ್ಲ, ಆಗ ಶುರುವಾದ ಅಭ್ಯಾಸ. ಒಳ್ಳೆಯ ಅಭ್ಯಾಸ ಎಂದು ನಾಲ್ಕು ಜನಕ್ಕೆ ಹೇಳಿದ್ದೇನೆ ಕೂಡ. ಬಿಳಿ ಪುಡಿ ಮಜ್ಜಿಗೆಯದ್ದಿರಬೇಕು ಎಂದುಕೊಂಡಿದ್ದೆ.

ನಲ್ಲಿ ನೀರು · ಜೂನ್ 10

ಮಜ್ಜಿಗೆಯದ್ದಲ್ಲ ಮೇಡಂ, ಉಪ್ಪು.

ನಾನು ನಮ್ಮ ವಸತಿ ಸಮುಚ್ಚಯದ ನೀರಿನ ಸಮಿತಿಯಲ್ಲಿ ಆರು ವರ್ಷದಿಂದ ಇದ್ದೇನೆ. ಇದೊಂದು ವಿಷಯದಲ್ಲಿ ಸ್ವಲ್ಪ ಉದ್ದ ಮಾತಾಡುವುದಕ್ಕೆ ಅವಕಾಶ ಕೊಡಿ. ಆರ್‌ಒ ಯಂತ್ರಕ್ಕೆ ಮೂರು ಲೀಟರ್ ಹೋದರೆ ಒಂದು ಲೀಟರ್ ಕುಡಿಯುವುದಕ್ಕೆ, ಎರಡು ಲೀಟರ್ ಹೊರಕ್ಕೆ ಎಂದಿಟ್ಟುಕೊಳ್ಳಿ. ಮೂರು ಲೀಟರಿನ ಉಪ್ಪು ಹೆಚ್ಚುಕಡಿಮೆ ಪೂರ್ತಿ ಆ ಎರಡು ಲೀಟರಿಗೆ ಸೇರುತ್ತದೆ. ಕೊಳವೆಬಾವಿಯ ನೀರಿನ ಟಿಡಿಎಸ್, ಅಂದರೆ ಒಂದು ಲೀಟರಿನಲ್ಲಿ ಕರಗಿರುವ ಲವಣಾಂಶ, 600 ಮಿಲಿಗ್ರಾಂ ಇದ್ದರೆ ಬಕೆಟ್ಟಿಗೆ ಬೀಳುವ ನೀರಿನಲ್ಲಿ 900. ನೀವು ಹೇಳಿದ ಅಳತೆಯಲ್ಲಿ ವರ್ಷಕ್ಕೆ 90 ಲೀಟರ್ ಹಾಕಿದ್ದೀರಿ. ಲೆಕ್ಕ ಹಾಕಿದರೆ 80 ಗ್ರಾಂ ಉಪ್ಪು. ಒಂದು ಸಣ್ಣ ಕುಂಡಕ್ಕೆ ಮುಷ್ಟಿ ತುಂಬ ಉಪ್ಪು ಬೆರೆಸಿ ಗಿಡ ನೆಟ್ಟು ನೋಡಿ ಎಂದರೆ ನೀವು ನೆಡುತ್ತೀರಾ?

ಇನ್ನೊಂದು ಪ್ರಶ್ನೆ. ನಿಮ್ಮ ಸಮುಚ್ಚಯದಲ್ಲಿ ಗಡಸು ನೀರನ್ನು ಮೆದು ಮಾಡುವ ಯಂತ್ರವಿದೆಯೇ? ವಾರಕ್ಕೊಮ್ಮೆ ಉಪ್ಪಿನ ಮೂಟೆಗಳು ಲಾರಿಯಲ್ಲಿ ಬಂದು ಇಳಿಯುತ್ತಿದ್ದರೆ ಇದೆ ಎಂದು ಅರ್ಥ. ಆ ಯಂತ್ರ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದುಕೊಂಡು ಅವುಗಳ ಜಾಗಕ್ಕೆ ಸೋಡಿಯಂ ಬಿಡುತ್ತದೆ. ನಲ್ಲಿಗೆ ಬಿಳಿ ಕಲೆ ಕಟ್ಟುವುದು ನಿಲ್ಲುತ್ತದೆ, ಸೋಪು ನೊರೆ ಬರುತ್ತದೆ. ಟಿಡಿಎಸ್ ಮಾತ್ರ ಇಳಿಯುವುದಿಲ್ಲ. ಮನುಷ್ಯರ ಕೂದಲಿಗೆ ಹಿತವಾದ ಈ ನೀರು ಕುಂಡದ ಗಿಡಕ್ಕೆ ಹಿತವಲ್ಲ. ಸೋಡಿಯಂ ಸೇರಿದ ಜೇಡಿಮಣ್ಣು ಬಿಡಿಬಿಡಿಯಾಗಿರುವುದನ್ನು ಮರೆತು ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ.

ಕುಂಡಪ್ರಿಯ · ಜೂನ್ 10

ಇದು ಅತಿಯಾಯಿತು. ನಮ್ಮ ಮನೆಯಲ್ಲಿ ಐದು ವರ್ಷದಿಂದ ಅದೇ ಆರ್‌ಒ ನೀರನ್ನು ದಾಸವಾಳ, ತೆಂಗು, ಕರಿಬೇವಿಗೆ ಬಿಡುತ್ತಿದ್ದೇವೆ. ಒಂದು ಎಲೆಯೂ ಕೊಂಕಿಲ್ಲ.

ನಲ್ಲಿ ನೀರು · ಜೂನ್ 10

ನಿಮ್ಮವು ನೆಲದ ಗಿಡಗಳಲ್ಲವೇ ಸರ್? ನೆಲದಲ್ಲಿ ಮಳೆಗಾಲಕ್ಕೊಮ್ಮೆ ಉಪ್ಪು ಕೆಳಕ್ಕೆ ತೊಳೆದುಹೋಗುತ್ತದೆ. ಏಳನೇ ಮಹಡಿಯ ಹಾಲ್‌ನೊಳಗೆ ಮಳೆ ಬರುವುದಿಲ್ಲ. ಆ ನೀರಿನಿಂದ ನೆಲ ಒರೆಸಲಿ, ಶೌಚಾಲಯಕ್ಕೆ ಬಳಸಲಿ, ಖಂಡಿತ ವ್ಯರ್ಥ ಮಾಡಬೇಡಿ. ಕುಂಡಕ್ಕೆ ಮಾತ್ರ ಬೇಡ.

ಏಳನೇ ಮಹಡಿ · ಜೂನ್ 11

ಉಪ್ಪಿನ ಮೂಟೆಗಳು ಬರುತ್ತವೆ. ಶನಿವಾರ ಬೆಳಿಗ್ಗೆ.

ಮ್ಯೂನಿಕ್ ಕಿಟಕಿ · ಜರ್ಮನಿ · ಜೂನ್ 11

ನಾನು ಇಲ್ಲಿ ನಾಲ್ಕು ವರ್ಷದಿಂದ ವೀಳ್ಯದೆಲೆಯನ್ನು ಮನೆಯೊಳಗೇ ಬೆಳೆಸುತ್ತಿದ್ದೇನೆ. ಮೊದಲೇ ಒಂದು ಎಚ್ಚರಿಕೆ: ಊರಿನಿಂದ ಕಡ್ಡಿಯನ್ನು ಪೆಟ್ಟಿಗೆಯಲ್ಲಿ ಅಡಗಿಸಿ ತರಬೇಡಿ. 2019ರ ಡಿಸೆಂಬರ್ 14ರಿಂದ ಐರೋಪ್ಯ ಒಕ್ಕೂಟಕ್ಕೆ ಗಿಡ, ಕಡ್ಡಿ, ಹೂವು, ಹಣ್ಣು ಏನು ತಂದರೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅನಾನಸ್, ತೆಂಗಿನಕಾಯಿ, ದುರಿಯನ್, ಬಾಳೆ, ಖರ್ಜೂರಗಳಿಗೆ ಮಾತ್ರ ವಿನಾಯಿತಿ. ನನ್ನ ಕಡ್ಡಿ ಇಲ್ಲಿಯೇ ಇರುವ ತಮಿಳು ಕುಟುಂಬದವರು ಕೊಟ್ಟದ್ದು.

ಇಲ್ಲಿ ತೊಂದರೆ ನೀರಿನದ್ದಲ್ಲ, ಚಳಿಗಾಲದ್ದು. ಡಿಸೆಂಬರಿನಲ್ಲಿ ಹಗಲು ಎಂಟು ಗಂಟೆ ಚಿಲ್ಲರೆ ಮಾತ್ರ. ಕಿಟಕಿಯ ಕೆಳಗೇ ಹೀಟರ್ ಇರುವುದರಿಂದ ಗಾಳಿ ಹಪ್ಪಳದಂತೆ ಒಣಗಿರುತ್ತದೆ. ಮೊದಲ ವರ್ಷ ಎಲೆಯ ಹಿಂಬದಿಯಲ್ಲಿ ಜೇಡ ನುಸಿ ಬಂದು, ಜನವರಿಯ ಹೊತ್ತಿಗೆ ಬಳ್ಳಿ ಬರೀ ದಾರವಾಗಿತ್ತು. ಈಗ ನವೆಂಬರಿನಿಂದ ಫೆಬ್ರುವರಿವರೆಗೆ ಗಿಡದ ದೀಪವನ್ನು ಹನ್ನೆರಡು ಗಂಟೆ ಉರಿಸುತ್ತೇನೆ, ಹೀಟರಿನಿಂದ ಎರಡು ಮೀಟರ್ ದೂರ ಇಡುತ್ತೇನೆ, ವಾರಕ್ಕೊಮ್ಮೆ ಸ್ನಾನದ ಮನೆಗೆ ಒಯ್ದು ಉಗುರುಬೆಚ್ಚಗಿನ ನೀರಿನಲ್ಲಿ ಎಲೆಗಳ ಹಿಂಬದಿ ತೊಳೆಯುತ್ತೇನೆ. ಎಣ್ಣೆ ನೀರಿನ ಸ್ನಾನಕ್ಕೆ ಮಗುವನ್ನು ಕರೆದೊಯ್ದಂತೆ ಎಂದು ಹೆಂಡತಿ ನಗುತ್ತಾಳೆ. ಯುಗಾದಿಗೆ ಎರಡು ಎಲೆ ಸಿಕ್ಕಾಗ ನಗುವುದಿಲ್ಲ.

ಏಳನೇ ಮಹಡಿ · ಜೂನ್ 14

ಇಂದು ಧೈರ್ಯ ಮಾಡಿ ಕುಂಡವನ್ನು ಬಿಚ್ಚಿದೆ. ನೋಡಿದ್ದನ್ನು ಹಾಗೆಯೇ ಬರೆಯುತ್ತೇನೆ.

ಪ್ಲಾಸ್ಟಿಕ್ ಕುಂಡ ಒಂದು ಪಿಂಗಾಣಿ ಕುಂಡದೊಳಗೆ ಇತ್ತು, ಗೃಹಪ್ರವೇಶಕ್ಕೆ ಬಂದ ಉಡುಗೊರೆ. ಆ ಪಿಂಗಾಣಿಗೆ ತೂತಿಲ್ಲ ಎಂಬುದು ಇಂದೇ ಗಮನಕ್ಕೆ ಬಂದದ್ದು. ಎತ್ತಿದರೆ ತಳದಲ್ಲಿ ಮೂರು ಬೆರಳು ಎತ್ತರ ಕಪ್ಪು ನೀರು, ಚರಂಡಿಯ ವಾಸನೆ. ಕುಂಡ ಬೋರಲು ಹಾಕಿ ತಟ್ಟಿದೆ. ಮಣ್ಣು ಉಂಡೆಯಾಗಿ, ಕುಂಡದ ಆಕಾರದಲ್ಲೇ ಬಿತ್ತು. ರಸ್ತೆ ಬದಿಯ ನರ್ಸರಿಯಿಂದ ಚೀಲದಲ್ಲಿ ತಂದ ಕೆಂಪು ಮಣ್ಣು ಅದು. ಚಾಕು ಚುಚ್ಚಿದರೆ ಇಳಿಯಲಿಲ್ಲ. ಹೊರಗಿನ ಬೇರುಗಳು ಕಂದು ಬಣ್ಣಕ್ಕೆ ತಿರುಗಿ ಲೋಳೆಯಾಗಿದ್ದವು. ಒಂದನ್ನು ಹಿಡಿದು ಮೆಲ್ಲಗೆ ಎಳೆದರೆ ಬೆಂದ ಹೀರೇಕಾಯಿಯ ಸಿಪ್ಪೆಯಂತೆ ಮೇಲ್ಪದರ ಕೈಗೆ ಬಂತು, ಒಳಗೆ ದಾರದಂಥ ಎಳೆ ಮಾತ್ರ ಉಳಿಯಿತು. ಮೇಲ್ಮೈಗೆ ಹತ್ತಿರದ ಒಂದು ಗೆಣ್ಣಿನಲ್ಲಿ ಮಾತ್ರ ನಾಲ್ಕೈದು ಬಿಳಿ ಬೇರು ಇದ್ದವು. ಇಡೀ ಆರು ಅಡಿ ಬಳ್ಳಿ ಇಷ್ಟರ ಮೇಲೆ ಬದುಕಿತ್ತು.

ಅತ್ತೆ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಮುಟ್ಟಬಾರದವರು ಮುಟ್ಟಿದ್ದು ಯಾರು ಎಂದು ತಿಳಿಯಿತು ಎಂದರು. ನನ್ನನ್ನೇ ಹೇಳಿದ್ದು.

ಎಲೆತೋಟದ ಮೊಮ್ಮಗ · ಜೂನ್ 14

ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಆ ಬುಡವನ್ನು ಉಳಿಸಲು ಹೋಗಬೇಡಿ. ಬಳ್ಳಿ ಇನ್ನೂ ಜೀವಂತವಾಗಿರುವಾಗಲೇ ಕಡ್ಡಿ ಮಾಡಿಕೊಳ್ಳಿ. ಕೊಳೆತ ಭಾಗಕ್ಕೆ ತಾಗಿದ ಕತ್ತರಿಯನ್ನು ಕುದಿವ ನೀರಿನಲ್ಲಿ ಅದ್ದಿ ಒರೆಸಿ ಆಮೇಲೆ ಬಳಸಿ, ಏಕೆಂದರೆ ವೀಳ್ಯದೆಲೆಯ ಬುಡ ಕೊಳೆಯುವ ರೋಗ ನೀರಿನಿಂದ, ಮಣ್ಣಿನಿಂದ ಹರಡುವಂಥದ್ದು. ತೋಟದಲ್ಲಿ ನೀರು ನಿಂತ ಒಂದು ಮಳೆಗಾಲಕ್ಕೆ ಸಾಲಿಗೆ ಸಾಲೇ ಹೋದದ್ದನ್ನು ನೋಡಿದ್ದೇನೆ. ಹಳೆಯ ಮಣ್ಣನ್ನು ಬೇರೆ ಕುಂಡಕ್ಕೆ ಸುರಿಯಬೇಡಿ.

ಮೂರರಿಂದ ಐದು ಗೆಣ್ಣು ಇರುವಂತೆ ಕತ್ತರಿಸಿ. ಕೆಳಗಿನ ಎರಡು ಗೆಣ್ಣುಗಳ ಎಲೆ ತೆಗೆದು ಅಷ್ಟನ್ನು ಮಣ್ಣೊಳಗೆ ಹುಗಿಯಿರಿ. ತಲೆ ಯಾವುದು, ಬುಡ ಯಾವುದು ಎಂದು ಗುರುತು ತಪ್ಪಬಾರದು. ಇಳಿಬಿದ್ದ ಬಳ್ಳಿಯಲ್ಲಿ ಇದು ಸುಲಭವಾಗಿ ತಪ್ಪುತ್ತದೆ. ಬುಡದ ಕಡೆಯನ್ನು ಓರೆಯಾಗಿ ಕತ್ತರಿಸಿದರೆ ಗೊಂದಲವಿಲ್ಲ. ಒಂದೇ ಕುಂಡಕ್ಕೆ ನಾಲ್ಕು ಕಡ್ಡಿ ಹಾಕಿ. ಎರಡಾದರೂ ಹಿಡಿಯುತ್ತವೆ.

ಸೊಪ್ಪಿನಬೆಟ್ಟ · ಜೂನ್ 14

ಮಣ್ಣಿನ ಬಗ್ಗೆ ನಾನು ಹೇಳುತ್ತೇನೆ. ಕೆಂಪು ಮಣ್ಣು ಒಂದು ಪಾಲಷ್ಟೇ ಸಾಕು. ಚೆನ್ನಾಗಿ ಕೊಳೆತ ದರಗಿನ (ಒಣ ಎಲೆಯ) ಗೊಬ್ಬರ ಅಥವಾ ಹಳೆಯ ಕೊಟ್ಟಿಗೆ ಗೊಬ್ಬರ ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು, ಕಡಲೆಕಾಳು ಗಾತ್ರಕ್ಕೆ ಕುಟ್ಟಿದ ಇದ್ದಿಲು ಅರ್ಧ ಪಾಲು, ಒಂದು ಹಿಡಿ ಬೇವಿನ ಹಿಂಡಿ. ನಾರಿನ ಪುಡಿಯನ್ನು ಎರಡು ಮೂರು ನೀರಿನಲ್ಲಿ ತೊಳೆದು ಹಿಂಡಿ ಬಳಸಿ, ಅದರಲ್ಲೂ ಉಪ್ಪಿರುತ್ತದೆ. ಇಷ್ಟು ಕಲಸಿ ಮುಷ್ಟಿ ಕಟ್ಟಿ ಬಿಟ್ಟರೆ ಉಂಡೆ ನಿಲ್ಲಬೇಕು, ಬೆರಳಿನಿಂದ ತಟ್ಟಿದರೆ ಉದುರಬೇಕು. ರವೆ ಉಂಡೆಯ ಹದ ಎಂದರೆ ಅರ್ಥವಾಗುತ್ತದೆಯಲ್ಲ?

ಮೊದಲು ಆಸರೆಯ ಕೋಲು ನಿಲ್ಲಿಸಿ, ಆಮೇಲೆ ಮಣ್ಣು, ಆಮೇಲೆ ಕಡ್ಡಿ. ಬೇರು ಬಂದ ಮೇಲೆ ಕೋಲು ಚುಚ್ಚಿದರೆ ಬೇರಿಗೇ ಚುಚ್ಚುತ್ತದೆ.

ತಿಂಗಳ ಬೆಳಕು · ಧಾರವಾಡ · ಜೂನ್ 15

ನಾನು ಮನಿ ಪ್ಲಾಂಟ್ ಕಡ್ಡಿಯನ್ನು ಬಾಟಲಿಯ ನೀರಿನಲ್ಲಿಟ್ಟು ಬೇರು ಬರಿಸುತ್ತೇನೆ. ವೀಳ್ಯದೆಲೆಗೂ ಹಾಗೆ ಮಾಡಬಹುದಲ್ಲ? ಮಣ್ಣಿನ ರಗಳೆಯೇ ಇಲ್ಲ.

ಬೆಳಗಿನ ಸಮೀಕ್ಷೆ · ಮಂಡ್ಯ · ಜೂನ್ 15

ನಾನು ಆಶಾ ಕಾರ್ಯಕರ್ತೆ. ಮನೆ ಮನೆಗೆ ಹೋಗಿ ಲಾರ್ವಾ ಇದೆಯೇ ಎಂದು ನೋಡುವುದು ಮಳೆಗಾಲದಲ್ಲಿ ನಮ್ಮ ನಿತ್ಯದ ಕೆಲಸ. ತೊಟ್ಟಿ, ಡ್ರಮ್ಮುಗಳಿಗೆ ಜನ ಮುಚ್ಚಳ ಹಾಕಲು ಕಲಿತಿದ್ದಾರೆ. ಹಾಲ್‌ನಲ್ಲಿರುವ ಚೆಂದದ ಗಾಜಿನ ಬಾಟಲಿಯನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಅಂಥ ತಿಳಿನೀರೇ ಬೇಕು. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನ ಸಾಕು. ಕಳೆದ ತಿಂಗಳು ಒಬ್ಬರ ಟಿವಿ ಪಕ್ಕದ ಮನಿ ಪ್ಲಾಂಟ್ ಬಾಟಲಿಗೆ ಟಾರ್ಚ್ ಬಿಟ್ಟು ತೋರಿಸಿದೆ. ಬೇರಿನ ನಡುವೆ ಹುಳುಗಳು ಕೊಂಕಿಕೊಂಕಿ ಮೇಲೆ ಕೆಳಗೆ ಓಡಾಡುತ್ತಿದ್ದವು. ಆ ಮನೆಯಲ್ಲಿ ಮಗುವಿಗೆ ಜ್ವರವಿತ್ತು.

ಬಾಟಲಿಯಲ್ಲಿ ಬೆಳೆಸಬೇಡಿ ಎನ್ನುವುದಿಲ್ಲ. ವಾರಕ್ಕೆ ಎರಡು ಸಲ ನೀರು ಪೂರ್ತಿ ಚೆಲ್ಲಿ, ಬಾಟಲಿಯ ಒಳಗೋಡೆಯನ್ನು ಉಜ್ಜಿ ತೊಳೆಯಿರಿ. ಮೊಟ್ಟೆಗಳು ಗೋಡೆಗೇ ಅಂಟಿಕೊಂಡಿರುತ್ತವೆ. 2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಯವರಿಗೆ ದಂಡ ಹಾಕುವ ನಿಯಮವನ್ನೂ ತಂದಿದೆ. ಆ ಪಿಂಗಾಣಿ ಕುಂಡದ ತಳದ ನೀರು ಓದಿ ನನಗೆ ಮೊದಲು ಬಂದ ಯೋಚನೆ ಬೇರಿನದ್ದಲ್ಲ, ಸೊಳ್ಳೆಯದ್ದು.

ಸಸ್ಯಶಾಸ್ತ್ರದ ಮೇಷ್ಟ್ರು · ಶಿವಮೊಗ್ಗ · ಜೂನ್ 16

ಮನಿ ಪ್ಲಾಂಟ್ ಮಾತು ಬಂದದ್ದರಿಂದ ಒಂದೆರಡು ವಿಷಯ. ಅದು ನಮ್ಮ ನಾಡಿನದ್ದಲ್ಲ, ಫ್ರೆಂಚ್ ಪಾಲಿನೇಷ್ಯಾದ ಮೊರೆಯಾ ದ್ವೀಪ ಅದರ ತವರು. ಹತ್ತಿದರೆ ಎಲೆ ದೊಡ್ಡದು ಎನ್ನುವ ಮಾತು ಅದರಲ್ಲಿ ಇನ್ನೂ ಢಾಳಾಗಿ ಕಾಣುತ್ತದೆ. ಫ್ರಿಜ್ಜಿನ ಮೇಲಿನಿಂದ ಇಳಿಬಿದ್ದಾಗ ಅಂಗೈಯಷ್ಟಿರುವ ಎಲೆ, ಹಳೆಯ ಬಂಗಲೆಯ ಆವರಣದಲ್ಲಿ ಮಾವಿನ ಮರ ಹತ್ತಿದರೆ ಮೊರದಗಲವಾಗಿ, ಅಂಚಿನಲ್ಲಿ ಸೀಳಿಕೊಂಡಿರುತ್ತದೆ. ಬೇರೆಯೇ ಗಿಡವೆಂದು ನನ್ನ ವಿದ್ಯಾರ್ಥಿಗಳು ವಾದಿಸಿದ್ದಿದೆ.

ಮನೆಯಲ್ಲಿ ಬೆಕ್ಕು, ನಾಯಿ, ಅಂಬೆಗಾಲಿಡುವ ಮಗು ಇದ್ದರೆ ಮನಿ ಪ್ಲಾಂಟ್ ಕೈಗೆಟುಕದಂತಿರಲಿ. ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಹರಳುಗಳಿವೆ, ಅಗಿದರೆ ಬಾಯಿ ಉರಿದು ಊದಿಕೊಳ್ಳುತ್ತದೆ. ಕೆಸುವಿನ ಎಲೆ ಸರಿಯಾಗಿ ಬೇಯಿಸದೆ ತಿಂದವರಿಗೆ ಆ ತುರಿಕೆ ಗೊತ್ತು, ಎರಡೂ ಒಂದೇ ಕುಟುಂಬ. ಎಳೆಯ ಎಲೆಗಳು ಒಂದನ್ನೊಂದು ಹೋಲುವುದರಿಂದ ವೀಳ್ಯದೆಲೆ ಎಂದು ಮನಿ ಪ್ಲಾಂಟಿನ ಜಾತಿಯ ಗಿಡ ಕೊಂಡು ತಂದವರನ್ನೂ ನೋಡಿದ್ದೇನೆ. ಕೊಳ್ಳುವ ಮೊದಲು ಒಂದು ಎಲೆಯ ಅಂಚು ಹಿಸುಕಿ ಮೂಸಿ. ಘಾಟು ವಾಸನೆ ಬಾರದಿದ್ದರೆ ಬಾಯಿಗೆ ಇಡಬೇಡಿ.

ಶುದ್ಧ ಗಾಳಿ · ಜೂನ್ 16

ಆದರೆ ಮನಿ ಪ್ಲಾಂಟ್ ಮನೆಯ ಗಾಳಿಯನ್ನು ಶುದ್ಧ ಮಾಡುತ್ತದೆ ಎಂದು ನಾಸಾ ಹೇಳಿದೆಯಲ್ಲ ಮೇಷ್ಟ್ರೇ.

ಸಸ್ಯಶಾಸ್ತ್ರದ ಮೇಷ್ಟ್ರು · ಜೂನ್ 16

1989ರ ವರದಿ ಅದು. ಪ್ರಯೋಗ ನಡೆದದ್ದು ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಬಾಗಿಲು ಕಿಟಕಿ ಇರುವ ಮನೆಯಲ್ಲಿ ಅಷ್ಟೇ ಪರಿಣಾಮ ಬೇಕಾದರೆ ನಿಮಗೆ ಕೂರಲು ಜಾಗ ಇಲ್ಲದಷ್ಟು ಗಿಡ ಬೇಕಾಗುತ್ತದೆ. ಕಿಟಕಿ ತೆರೆಯಿರಿ.

ಸಂಪ್ರದಾಯಸ್ಥ · ಜೂನ್ 17

ಎಲ್ಲ ಸರಿ, ಆದರೆ ವೀಳ್ಯದೆಲೆ ಬಳ್ಳಿಗೆ ಮಡಿ ಬೇಕೇ ಬೇಕು. ಹೆಂಗಸರು ಆ ದಿನಗಳಲ್ಲಿ ಹತ್ತಿರ ಸುಳಿದರೂ ಸುಟ್ಟುಹೋಗುತ್ತದೆ. ನಮ್ಮ ಅಜ್ಜಿ ಕಣ್ಣಾರೆ ಕಂಡಿದ್ದಾರೆ.

ಎಲೆತೋಟದ ಮೊಮ್ಮಗ · ಜೂನ್ 17

ನಮ್ಮ ತೋಟದಲ್ಲೂ ಆ ಮಾತು ನಡೆಯುತ್ತಿತ್ತು. ಎಲೆ ಕಟ್ಟು ಕಟ್ಟಲು ಮಾತ್ರ ತಿಂಗಳಿಡೀ ಹೆಂಗಸರೇ ಬೇಕಿತ್ತು. ಕಟ್ಟಿದ ಎಲೆ ಎಂದೂ ಸುಡಲಿಲ್ಲ.

ವೇದಿಕೆ ನಿರ್ವಾಹಕರು · ಜೂನ್ 17

ಇದರ ಕೆಳಗೆ ಬಂದ ಹನ್ನೊಂದು ಪ್ರತಿಕ್ರಿಯೆಗಳನ್ನು ತೆಗೆದಿದ್ದೇವೆ. ಬಳ್ಳಿಯ ವಿಷಯಕ್ಕೆ ಮರಳಿ.

ಏಳನೇ ಮಹಡಿ · ಜುಲೈ 20

ಒಂದು ತಿಂಗಳ ವರದಿ. ಹನ್ನೆರಡು ಅಂಗುಲದ ಮಣ್ಣಿನ ಕುಂಡ, ತಳದಲ್ಲಿ ತೂತು, ಕೆಳಗೆ ತಟ್ಟೆ. ತಟ್ಟೆಯ ನೀರನ್ನು ಹತ್ತು ನಿಮಿಷದೊಳಗೆ ಚೆಲ್ಲುತ್ತೇನೆ. ಅಡಿಕೆ ದಬ್ಬೆ ಸಿಗಲಿಲ್ಲ, ಮನೆ ಕೆಲಸದ ನಂತರ ಉಳಿದಿದ್ದ ಪೈಪಿಗೆ ನಾರು ಸುತ್ತಿದೆ. ನೀರಿಗೆ ಬಾಲ್ಕನಿಯ ಕಂಬಿಗೆ ಬಕೆಟ್ ಕಟ್ಟಿ ಮಳೆ ನೀರು ಹಿಡಿಯುತ್ತಿದ್ದೇನೆ, ಮುಚ್ಚಳವಿರುವ ಕ್ಯಾನಿನಲ್ಲಿ ಇಡುತ್ತೇನೆ (ಮಂಡ್ಯದ ಅಕ್ಕನ ಭಯದಿಂದ). ನಾಲ್ಕು ಕಡ್ಡಿಗಳಲ್ಲಿ ಮೂರು ಹಿಡಿದಿವೆ.

ನಿನ್ನೆ ಬೆಳಿಗ್ಗೆ ನಾರಿಗೆ ನೀರು ಹಾಕುವಾಗ ಒಂದು ಗೆಣ್ಣನ್ನು ಮೆಲ್ಲಗೆ ಎತ್ತಿ ನೋಡಲು ಹೋದೆ, ಬರಲಿಲ್ಲ. ಮೊಬೈಲಿನ ದೀಪ ಹಿಡಿದು ನೋಡಿದರೆ ಗೆಣ್ಣಿನ ಸುತ್ತ ಚಕ್ಕುಲಿಯ ಮುಳ್ಳಿನಂತೆ ಸಣ್ಣ ಸಣ್ಣ ಬಿಳಿ ಬೇರುಗಳು ನಾರಿನೊಳಗೆ ಇಳಿದಿವೆ. ಅತ್ತೆಯನ್ನು ಕೂಗಿದೆ. ಕನ್ನಡಕ ಹಾಕಿಕೊಂಡು ಬಂದು ನೋಡಿ, ಎಳೆಯಬೇಡ ಬಿಡು ಎಂದು ಗದರಿದರು.

ಒಂದು ಸಮಸ್ಯೆ. ಎಲೆಯ ತೊಟ್ಟಿನ ಸಂದಿನಲ್ಲಿ ಹತ್ತಿಯಂಥ ಬಿಳಿ ಹುಳು.

ಕುಂಡಪ್ರಿಯ · ಜುಲೈ 20

ಹಿಟ್ಟು ತಿಗಣೆ. ಅಂಗಡಿಯಲ್ಲಿ ಒಳ್ಳೆಯ ಔಷಧ ಸಿಗುತ್ತದೆ, ಒಂದೇ ಸಿಂಪಡಣೆಗೆ ಸಾಯುತ್ತದೆ.

ಸೊಪ್ಪಿನಬೆಟ್ಟ · ಜುಲೈ 20

ಮಾರಾಯರೇ, ಅದು ಬಾಯಿಗೆ ಹಾಕುವ ಎಲೆ!

ಹುಳು ನಾಲ್ಕೈದೇ ಇದ್ದರೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸೋಪಿನ ನೀರು ಹಚ್ಚಿ ಉಜ್ಜಿ ತೆಗೆಯಿರಿ. ಹೆಚ್ಚಾದರೆ ಲೀಟರ್ ನೀರಿಗೆ ಐದು ಮಿಲಿ ಬೇವಿನೆಣ್ಣೆ, ಬೆರೆಯಲು ನಾಲ್ಕು ಹನಿ ಪಾತ್ರೆ ತೊಳೆಯುವ ದ್ರವ, ಸಂಜೆ ಹೊತ್ತು ಸಿಂಪಡಿಸಿ. ಆಮೇಲೆ ಎರಡು ವಾರ ಎಲೆ ಕೀಳಬೇಡಿ. ಬೇವಿನ ಕಹಿಯ ಕವಳ ಹಾಕಿದವರಿಗೆ ಏಕೆಂದು ಗೊತ್ತಾಗುತ್ತದೆ. ಇರುವೆಗಳು ಓಡಾಡುತ್ತಿವೆಯೇ ನೋಡಿ. ತಿಗಣೆ ಸುರಿಸುವ ಸಿಹಿಗಾಗಿ ಅವು ಅದನ್ನು ಕಾಯುತ್ತವೆ, ಇರುವೆಯ ದಾರಿ ಮುಚ್ಚದೆ ತಿಗಣೆ ಹೋಗುವುದಿಲ್ಲ.

ಏಳನೇ ಮಹಡಿ · ಆಗಸ್ಟ್ 9

ನಿನ್ನೆ ವರಮಹಾಲಕ್ಷ್ಮಿ. ಬಳ್ಳಿಯಲ್ಲಿ ಒಂಬತ್ತು ಹೊಸ ಎಲೆಗಳಿದ್ದವು. ಕಲಶಕ್ಕೆ ಐದು ಕೀಳೋಣ ಎಂದೆ. ಅತ್ತೆ ಒಪ್ಪಲಿಲ್ಲ. ಗಾಂಧಿ ಬಜಾರಿಗೆ ಹೋಗಿ ಹಬ್ಬದ ಬೆಲೆ ಕೊಟ್ಟು ಕಟ್ಟು ತಂದೆವು.

ಎಲೆತೋಟದ ಮೊಮ್ಮಗ · ಆಗಸ್ಟ್ 9

ಅವರು ಮಾಡಿದ್ದೇ ಸರಿ. ಹದಿನೈದು ಇಪ್ಪತ್ತು ಎಲೆ ಆಗುವವರೆಗೆ ಮುಟ್ಟಬೇಡಿ. ಆಮೇಲೂ ಕೆಳಗಿನಿಂದ ಮೇಲಕ್ಕೆ, ಬಲಿತದ್ದನ್ನು ಮಾತ್ರ, ತೊಟ್ಟಿನ ಸಮೇತ ಉಗುರಿನಿಂದ ಚಿವುಟಿ ತೆಗೆಯಬೇಕು. ಕುಡಿಗೆ ಕೈ ಹಾಕಬಾರದು.

ಮ್ಯೂನಿಕ್ ಕಿಟಕಿ · ಅಕ್ಟೋಬರ್ 12

ಮೈಸೂರಿನ ಸರ್‌ಗೆ ಒಂದು ಪ್ರಶ್ನೆ. ನನ್ನ ಬಳ್ಳಿ ಕೋಲಿನ ತುದಿ ಮುಟ್ಟಿ ಈಗ ಪರದೆಯ ಕಂಬಿ ಹಿಡಿದಿದೆ. ಕೆಳಗಿನ ಎರಡು ಅಡಿಯಲ್ಲಿ ಎಲೆಯೇ ಇಲ್ಲ, ಬರೀ ಕಾಂಡ. ತುದಿ ಕತ್ತರಿಸಲೇ?

ಎಲೆತೋಟದ ಮೊಮ್ಮಗ · ಅಕ್ಟೋಬರ್ 13

ಕತ್ತರಿಸಬೇಡಿ, ಇಳಿಸಿ. ತೋಟದಲ್ಲಿ ವರ್ಷಕ್ಕೊಮ್ಮೆ ಬಳ್ಳಿ ಇಳಿಸುವ ಕೆಲಸವೇ ದೊಡ್ಡದು. ಕಟ್ಟುಗಳನ್ನು ಬಿಚ್ಚಿ ಹಂಬನ್ನು ಮರದಿಂದ ಬಿಡಿಸಿ, ಬರಿದಾದ ಕಾಂಡವನ್ನು ಬುಡದ ಸುತ್ತ ಸಿಂಬಿಯಂತೆ ಸುತ್ತಿ, ಮೇಲೆ ಹೊಸ ಮಣ್ಣು ಗೊಬ್ಬರ ಏರಿಸಿ, ತುದಿಯ ಎರಡಡಿಯನ್ನು ಮಾತ್ರ ಮತ್ತೆ ಮರಕ್ಕೆ ಕಟ್ಟುತ್ತಿದ್ದರು. ಹುಗಿದ ಗೆಣ್ಣುಗಳಲ್ಲೆಲ್ಲ ಬೇರು ಬಂದು ಬಳ್ಳಿ ಮತ್ತೆ ಎಳೆಯದಾಗುತ್ತದೆ. ಕುಂಡದಲ್ಲೂ ಇದನ್ನೇ ಮಾಡಬಹುದು. ಮೇಲೆ ನಾಲ್ಕು ಬೆರಳು ಜಾಗ ಖಾಲಿ ಇರಬೇಕು ಅಷ್ಟೆ. ಆದರೆ ನಿಮ್ಮಲ್ಲಿ ಈಗ ಚಳಿ ಹತ್ತಿರ ಬಂತು, ಮಾರ್ಚ್‌ವರೆಗೆ ಕಾಯಿರಿ. ಬಿಡಿಸುವ ಹಿಂದಿನ ರಾತ್ರಿ ನಾರನ್ನು ಚೆನ್ನಾಗಿ ನೆನೆಸಿದರೆ ಬೇರು ಹರಿಯದೆ ಬಿಡುತ್ತದೆ.

ಏಳನೇ ಮಹಡಿ · ಅಕ್ಟೋಬರ್ 22

ಬಲಿಪಾಡ್ಯಮಿಯ ಬೆಳಿಗ್ಗೆ ಎದ್ದು ನೋಡುವಾಗ ದೇವರ ಮುಂದಿನ ತಟ್ಟೆಯಲ್ಲಿ ಎರಡು ಅಡಿಕೆ, ಅದರ ಕೆಳಗೆ ಐದು ಎಲೆ. ಫೋಟೋ ಹಾಕಿದ್ದೇನೆ, ಅಳತೆಗೆ ಪಕ್ಕದಲ್ಲಿ ನನ್ನ ಅಂಗೈ ಇಟ್ಟಿದ್ದೇನೆ. ಅತ್ತೆ ನನ್ನನ್ನು ಕೇಳದೆಯೇ ಕಿತ್ತಿದ್ದಾರೆ, ಕೆಳಗಿನಿಂದಲೇ, ತೊಟ್ಟಿನ ಸಮೇತ. ಸಂಜೆ ತಂಗಿಗೆ ಫೋನ್ ಮಾಡಿ, ಮುಂದಿನ ತಿಂಗಳು ಬರುವಾಗ ಹಾಸನದಿಂದ ಎರಡು ಅಡಿಕೆ ದಬ್ಬೆ ಬಸ್ಸಿಗೆ ಹಾಕಿಸಿಕೊಂಡು ಬಾ ಎಂದರು. ನಮ್ಮ ಹಾಲ್‌ನಲ್ಲಿ ಎರಡನೇ ಕುಂಡಕ್ಕೆ ಜಾಗವಿಲ್ಲ. ಪುಸ್ತಕದ ಕಪಾಟನ್ನು ಬೆಡ್‌ರೂಮಿಗೆ ಸಾಗಿಸಬೇಕಾಗಬಹುದು.

ಸೊಪ್ಪಿನಬೆಟ್ಟ · ಅಕ್ಟೋಬರ್ 22

ಐದರಲ್ಲಿ ಒಂದರ ಅಂಚಿನಲ್ಲಿ ಇನ್ನೂ ಸ್ವಲ್ಪ ಕಂದು ಇದೆ, ಎಡಗಡೆಯಿಂದ ಎರಡನೆಯದು. ಮಳೆ ನೀರು ಮುಗಿಯಿತೇ?

ಏಳನೇ ಮಹಡಿ · ಅಕ್ಟೋಬರ್ 22

ಮುಗಿದಿತ್ತು. ಒಂದೇ ಒಂದು ವಾರ ನಲ್ಲಿಯ ನೀರು ಹಾಕಿದೆ. ನಿಮ್ಮ ಕಣ್ಣಿಗೆ ಬೀಳುವುದಿಲ್ಲ ಎಂದುಕೊಂಡಿದ್ದೆ.